ಮನೆಗೆ ಬಂದ ಎಕ್ಸ್‌ಚೇಂಜು

ಪಡಸಾಲೆಯ ಮೂಲೆಯ ಪುಟ್ಟ ಮೇಜಿನ ಮೇಲೆ ಹಳೆಯ ಲ್ಯಾಂಡ್‌ಲೈನ್ ದೂರವಾಣಿ, ಅದರ ಮಗ್ಗುಲಲ್ಲಿಯೇ ಹಸುರು ದೀಪಗಳನ್ನು ಮಿನುಗಿಸುವ ಒಂದು ಪೆಟ್ಟಿಗೆ, ಆ ಪೆಟ್ಟಿಗೆಗೆ ತಗುಲಿಸಿದ ಮತ್ತೊಂದು ದೂರವಾಣಿ. ಇಂಥ ಜೋಡಿ ವ್ಯವಸ್ಥೆಯು ನಮ್ಮ ನಗರಗಳಲ್ಲಿ ಮಾತ್ರವಲ್ಲದೆ, ಮಕ್ಕಳು ದೂರದೇಶಗಳಲ್ಲಿ ನೆಲೆಸಿರುವ ಮಲೆನಾಡಿನ ಮನೆಗಳಲ್ಲಿಯೂ ಈಗ ಕಾಣಬರುತ್ತಿದೆ. ಎರಡನ್ನೂ ಒಂದೇ ಸೂರಿನಡಿ ಹೊಂದಿಸಿಕೊಳ್ಳಬಯಸುವ ಗೃಹಸ್ಥನು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇದರಿಂದ ತಿಂಗಳಿಗೆ ಎಷ್ಟು ಹಣ ಉಳಿಯುತ್ತದೆ ಎಂಬುದು. ಆ ಪ್ರಶ್ನೆ ಅಸಾಧುವೇನೂ ಅಲ್ಲ. ಆದರೆ ಅದಕ್ಕೆ ಮೊದಲು ವಿಚಾರಿಸಿಕೊಳ್ಳಬೇಕಾದದ್ದು ಬೇರೊಂದು ಉಂಟು: ಊರಿನ ಎಕ್ಸ್‌ಚೇಂಜು ಇದುವರೆಗೆ ನಮ್ಮ ಪರವಾಗಿ, ನಮಗೆ ತಿಳಿಸದೆಯೇ, ಹೊತ್ತುಕೊಂಡು ಬಂದಿದ್ದ ಕರ್ತವ್ಯಗಳು ಯಾವುವು, ಮತ್ತು ಅಂತರಜಾಲ ದೂರವಾಣಿಯನ್ನು ಮನೆಗೆ ತಂದೊಡನೆ ಅವುಗಳಲ್ಲಿ ಎಷ್ಟು ನಮ್ಮ ಹೆಗಲಿಗೆ ಬರುತ್ತವೆ?

ರಿಸೀವರನ್ನು ಎತ್ತಿದ ಕ್ಷಣದಲ್ಲಿ ನಡೆಯುವುದನ್ನು ಒಮ್ಮೆ ಸಾವಧಾನವಾಗಿ ನೋಡೋಣ. ಎಕ್ಸ್‌ಚೇಂಜಿನ ಕೋಣೆಯೊಂದರಲ್ಲಿ ಸಾಲಾಗಿ ಇಟ್ಟಿರುವ ಬ್ಯಾಟರಿಗಳಿಂದ ಹೊರಟ 48 ವೋಲ್ಟಿನ ನೇರ ವಿದ್ಯುತ್ತು, ಒಂದು ಜೋಡಿ ತಾಮ್ರದ ತಂತಿಯನ್ನು ಅನುಸರಿಸಿ, ನೆಲದಡಿಯ ಕೇಬಲ್ಲನ್ನೂ ಕಂಬದ ಮೇಲಿನ ಡಿಪಿ ಪೆಟ್ಟಿಗೆಯನ್ನೂ ಹಾದು, ಡ್ರಾಪ್ ವೈರಿನ ಮೂಲಕ ನಮ್ಮ ಗೋಡೆಯ ರೋಸೆಟ್ಟಿನವರೆಗೆ ಬಂದು, ಹಗಲಿರುಳೂ ಅಲ್ಲಿ ಕಾದಿರುತ್ತದೆ. ರಿಸೀವರು ತನ್ನ ಸ್ಥಾನದಲ್ಲಿರುವಷ್ಟು ಹೊತ್ತು ಆ ವಿದ್ಯುನ್ಮಂಡಲವು ಅಪೂರ್ಣ. ಎತ್ತಿದೊಡನೆ ಅದರ ಭಾರಕ್ಕೆ ತಗ್ಗಿದ್ದ ಗುಂಡಿ ಮೇಲಕ್ಕೆದ್ದು ಮಂಡಲವು ಪೂರ್ಣವಾಗಿ, 20ರಿಂದ 40 ಮಿಲಿಆಂಪಿಯರ್‌ಗಳಷ್ಟು ಪ್ರವಾಹವು ಹರಿಯತೊಡಗುತ್ತದೆ. ಆ ಅತ್ಯಲ್ಪ ಪ್ರವಾಹವನ್ನು ಕಂಡೇ ಎಕ್ಸ್‌ಚೇಂಜು, ಈ ಮನೆಯವರು ಯಾರನ್ನೋ ಕರೆಯಬಯಸಿದ್ದಾರೆಂಬುದನ್ನು ಗ್ರಹಿಸಿ, ಡಯಲ್ ಟೋನನ್ನು ಕೇಳಿಸುತ್ತದೆ. ಹೊರಗಿನಿಂದ ಕರೆ ಬಂದಾಗ ಗಂಟೆಯನ್ನು ಬಾರಿಸುವ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು ಕೂಡ ಬರುವುದು ಅದೇ ಜೋಡಿ ತಂತಿಯಲ್ಲಿ. ಮನೆಯ ವಿದ್ಯುತ್ ಮೀಟರಿಗೂ ಈ ವ್ಯಾಪಾರಕ್ಕೂ ಯಾವ ಸಂಬಂಧವೂ ಇಲ್ಲ. ಕಗ್ಗತ್ತಲೆಯಲ್ಲಿಯೂ ದೂರವಾಣಿ ಮಾತನಾಡುತ್ತಿತ್ತು ಎಂಬುದು ನಮ್ಮ ಹಿರಿಯರಿಗೆ ವಿಶೇಷವಾಗಿ ತೋರಲಿಲ್ಲ, ಏಕೆಂದರೆ ಅದು ಹಾಗಿಲ್ಲದ ಕಾಲವನ್ನೇ ಅವರು ಕಂಡಿರಲಿಲ್ಲ.

ಈ ಸೌಲಭ್ಯವನ್ನು ಹಳ್ಳಿಯವರೆಗೆ ಒಯ್ದ ಪ್ರಯತ್ನದಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ದೂರವಾಣಿ ಉಪಕರಣಗಳನ್ನು ದೇಶದಲ್ಲಿಯೇ ತಯಾರಿಸುವುದಕ್ಕೆಂದು 1948ರಲ್ಲಿ ಐಟಿಐ ಕಾರ್ಖಾನೆ ಸ್ಥಾಪಿತವಾದದ್ದು ಬೆಂಗಳೂರಿನಲ್ಲಿ. ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲಿಗೆ ಕೆಲಸಕ್ಕೆ ತೊಡಗಿದ್ದು ಕಿತ್ತೂರಿನಲ್ಲಿ. ಹವಾನಿಯಂತ್ರಣದ ಕೋಣೆಯನ್ನು ಬೇಡದೆ, ನಮ್ಮ ಬಿಸಿಲನ್ನೂ ಧೂಳನ್ನೂ ಸಹಿಸಿಕೊಂಡು ನಡೆಯಬೇಕೆಂಬುದೇ ಆ ಯಂತ್ರದ ವಿನ್ಯಾಸದ ಮುಖ್ಯ ಸಂಕಲ್ಪವಾಗಿತ್ತು. ಚಂದಾದಾರನು ಬಾಡಿಗೆ ಕಟ್ಟಿದರೆ ಸಾಕು. ವಿದ್ಯುತ್ತು, ಸಂಖ್ಯೆ, ವಿಳಾಸ, ಕಾವಲು, ಇವೆಲ್ಲವೂ ಎಕ್ಸ್‌ಚೇಂಜಿನ ಹೊಣೆ.

ಅಂತರಜಾಲ ದೂರವಾಣಿಯ ರೀತಿ ಬೇರೆ. ಇಲ್ಲಿ ಧ್ವನಿಯು ತಂತಿಯಲ್ಲಿ ಅವಿಚ್ಛಿನ್ನವಾದ ಅಲೆಯಾಗಿ ಹರಿಯುವುದಿಲ್ಲ. ಅದನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್ಟುಗಳಲ್ಲಿ ಬರೆದು, ಹೀಗೆ ದೊರೆತ 64,000 ಬಿಟ್ಟುಗಳನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳ ತುಣುಕುಗಳಾಗಿ ವಿಭಾಗಿಸಿ, ತುಣುಕೊಂದಕ್ಕೆ ವಿಳಾಸವನ್ನೂ ಅನುಕ್ರಮ ಸಂಖ್ಯೆಯನ್ನೂ ಅಂಟಿಸಿ, ಸೆಕೆಂಡಿಗೆ 50 ಪೊಟ್ಟಣಗಳಂತೆ ಜಾಲಕ್ಕೆ ಒಪ್ಪಿಸುತ್ತಾರೆ. ವಿಳಾಸದ ಭಾರವೂ ಸೇರಿ ಒಂದು ದಿಕ್ಕಿನ ಮಾತಿಗೆ ಸೆಕೆಂಡಿಗೆ 80ರಿಂದ 90 ಕಿಲೋಬಿಟ್ಟುಗಳಷ್ಟು ಬೇಕಾಗುತ್ತದೆ. ಚಲನಚಿತ್ರಗಳನ್ನು ಸರಾಗವಾಗಿ ತರಿಸಿಕೊಳ್ಳುವ ಇಂದಿನ ಸಂಪರ್ಕಗಳಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಹೀಗಿದ್ದೂ ಮಾತು ಕಡಿದು ಕಡಿದು ಕೇಳುತ್ತದೆಂಬ ದೂರು ಮನೆಮನೆಯಲ್ಲಿಯೂ ಇದೆ. ಅದಕ್ಕೆ ಕಾರಣ ಜಾಲದ ಅಗಲವಲ್ಲ, ಪೊಟ್ಟಣಗಳು ಬಂದು ಸೇರುವ ಕಾಲದ ಅಸಮತೆ.

ಚಿತ್ರವೊಂದು ಅರ್ಧ ಸೆಕೆಂಡು ತಡವಾದರೆ ನೋಡುವವನಿಗೆ ನಷ್ಟವಿಲ್ಲ. ಸಂಭಾಷಣೆಗೆ ಆ ಕ್ಷಮೆ ಇಲ್ಲ. ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮುಟ್ಟುವುದಕ್ಕೆ 150 ಮಿಲಿಸೆಕೆಂಡುಗಳಿಗಿಂತ ಹೆಚ್ಚು ಕಾಲ ಹಿಡಿಯದಿರುವುದು ಒಳಿತೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ. ಅದನ್ನು ಬಹಳವಾಗಿ ಮೀರಿದರೆ, ಒಬ್ಬರು ಮುಗಿಸಿದರೆಂದು ಭಾವಿಸಿ ಮತ್ತೊಬ್ಬರು ತೊಡಗುವಷ್ಟರಲ್ಲಿ ಮೊದಲಿನವರ ಮಾತು ಮತ್ತೆ ಬಂದು ಎರಡೂ ಢಿಕ್ಕಿ ಹೊಡೆದು, ಇಬ್ಬರೂ ಏಕಕಾಲಕ್ಕೆ ಸುಮ್ಮನಾಗುವ ವಿಲಕ್ಷಣ ಪ್ರಸಂಗ ಒದಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರುಗಳ ವೇಗದಲ್ಲಿ ಸಾಗುವುದರಿಂದ, ಅಮೆರಿಕದಲ್ಲಿರುವ ಮಗಳೊಡನೆ ಮಾತನಾಡುವ ತಾಯಿಗೆ ದಾರಿಯಲ್ಲಿಯೇ ನೂರು ಮಿಲಿಸೆಕೆಂಡುಗಳ ಆಸುಪಾಸು ವೆಚ್ಚವಾಗಿಬಿಡುತ್ತದೆ. ಉಳಿದ ಅಲ್ಪ ಅವಕಾಶದಲ್ಲಿಯೇ ತುಣುಕು ತುಂಬುವ ಕಾಲವೂ, ಬಂದ ತುಣುಕುಗಳನ್ನು ಕ್ಷಣಕಾಲ ತಡೆದಿಟ್ಟುಕೊಳ್ಳುವ ಕಾಲವೂ ಅಡಗಬೇಕು. ಹಾಗೆ ತಡೆದಿಡುವುದೇಕೆಂದರೆ, ಪಂಕ್ತಿಯಲ್ಲಿ ಬಡಿಸುವವನು ಅಡುಗೆಮನೆಯಿಂದ ಮುಂದಿನ ಪಾತ್ರೆ ಬರುವುದು ತಡವಾದರೂ ಎಲೆ ಬರಿದಾಗದಂತೆ ಕೈಯಲ್ಲಿ ಒಂದಿಷ್ಟು ಉಳಿಸಿಕೊಂಡಿರುವಂತೆ, ಉಪಕರಣವು ಎರಡು ಮೂರು ಪೊಟ್ಟಣಗಳನ್ನು ಸಂಚಯಿಸಿಕೊಂಡು ಸಮಗತಿಯಲ್ಲಿ ಕೇಳಿಸಬೇಕಾಗುತ್ತದೆ. ಸಂಚಯ ಹೆಚ್ಚಿದರೆ ಮಾತು ತಡ. ಕಡಿಮೆಯಾದರೆ ಮಾತು ತುಂಡು. ಮನೆಯ ಇನ್ನೊಂದು ಕೋಣೆಯಲ್ಲಿ ಯಾರೋ ದೊಡ್ಡ ಕಡತವೊಂದನ್ನು ಮೇಲಕ್ಕೆ ಕಳುಹಿಸುತ್ತಿದ್ದರೆ ಧ್ವನಿಯ ಪೊಟ್ಟಣಗಳು ಅದರ ಹಿಂದೆ ಸರದಿಯಲ್ಲಿ ನಿಲ್ಲುತ್ತವೆ. ಆದುದರಿಂದ ರೂಟರಿನಲ್ಲಿ ಧ್ವನಿಗೆ ಪ್ರಾಶಸ್ತ್ಯ ಕೊಡುವ ಏರ್ಪಾಡಿದ್ದರೆ ಅದನ್ನು ಚಾಲನೆಯಲ್ಲಿಡುವುದೂ, ದೂರವಾಣಿಯ ಅಡಾಪ್ಟರನ್ನು, ಅಂದರೆ ಆ ಹಸುರು ದೀಪದ ಪೆಟ್ಟಿಗೆಯನ್ನು, ವೈಫೈಗೆ ಬಿಡದೆ ಕೇಬಲ್ಲಿನಿಂದಲೇ ಜೋಡಿಸುವುದೂ, ದುಬಾರಿ ಸಂಪರ್ಕವನ್ನು ಕೊಳ್ಳುವುದಕ್ಕಿಂತ ಹೆಚ್ಚಿನ ಫಲ ನೀಡುತ್ತವೆ.

ಪ್ರತಿಧ್ವನಿ ಕಾಡುವುದಕ್ಕೂ ಈ ವಿಳಂಬವೇ ಕಾರಣ. ಎರಡೇ ತಂತಿಗಳಲ್ಲಿ ಹೋಗುವ ಮಾತೂ ಬರುವ ಮಾತೂ ಬೆರೆತಿರುವುದರಿಂದ, ಅವನ್ನು ಬೇರ್ಪಡಿಸುವ ಸ್ಥಳದಲ್ಲಿ ನಮ್ಮ ಧ್ವನಿಯ ಒಂದಂಶ ಸದಾ ಹಿಂದಿರುಗುತ್ತಿರುತ್ತದೆ. ಊರೊಳಗಿನ ತಾಮ್ರದ ಸಂಪರ್ಕದಲ್ಲಿ ಅದು ಕ್ಷಣಮಾತ್ರದಲ್ಲಿ ಹಿಂದಿರುಗುವ ಕಾರಣ ಕಿವಿಗೆ ಬೇರೆಯಾಗಿ ತೋರದು. ಜಾಲದ ವಿಳಂಬ ಸೇರಿಕೊಂಡಾಗ ಅದೇ ಅಂಶವು ಪ್ರತ್ಯೇಕವಾದ ಪ್ರತಿಧ್ವನಿಯಾಗಿ ಕಾಡುತ್ತದೆ. ಕೊಳ್ಳುವಾಗ ಅಡಾಪ್ಟರಿನಲ್ಲಿ ಪ್ರತಿಧ್ವನಿ ನಿವಾರಣೆಯ ವ್ಯವಸ್ಥೆ ಉತ್ತಮವಾಗಿದೆಯೇ ಎಂದು ವಿಚಾರಿಸುವುದು ಈ ಕಾರಣಕ್ಕೆ ಅವಶ್ಯಕ.

ಇನ್ನು ಜೋಡಣೆಯ ವಿಷಯ. ಲ್ಯಾಂಡ್‌ಲೈನನ್ನೂ ಅಂತರಜಾಲವನ್ನೂ ಒಂದೇ ಉಪಕರಣದಲ್ಲಿ ಕೂಡಿಸುವ ಅಡಾಪ್ಟರಿನ ಬೆನ್ನಿನಲ್ಲಿ, ನೋಡುವುದಕ್ಕೆ ಒಂದೇ ತೆರನಾದ ಎರಡು ಕಂಡಿಗಳಿರುತ್ತವೆ. ‘ಫೋನ್’ ಎಂದು ಬರೆದಿರುವುದು ತಾನೇ ಎಕ್ಸ್‌ಚೇಂಜಿನ ಪಾತ್ರ ವಹಿಸಿ ದೂರವಾಣಿಗೆ ವಿದ್ಯುತ್ತನ್ನೂ ಡಯಲ್ ಟೋನನ್ನೂ ಗಂಟೆಯನ್ನೂ ಕೊಡುತ್ತದೆ; ‘ಲೈನ್’ ಎಂದು ಬರೆದಿರುವುದು ತಾನೇ ಒಂದು ದೂರವಾಣಿಯಂತೆ ನಟಿಸಿ ಎಕ್ಸ್‌ಚೇಂಜಿನ ವಿದ್ಯುತ್ತನ್ನು ಸ್ವೀಕರಿಸುತ್ತದೆ. ತಿಳಿದವರು ಇವುಗಳನ್ನು ಎಫ್‌ಎಕ್ಸ್‌ಎಸ್ ಮತ್ತು ಎಫ್‌ಎಕ್ಸ್‌ಒ ಎನ್ನುತ್ತಾರೆ. ಗೋಡೆಯ ರೋಸೆಟ್ಟಿನಿಂದ ಬಂದ ತಂತಿಯು ‘ಲೈನ್’ ಕಂಡಿಗೆ ಹೋಗತಕ್ಕದ್ದು. ದೂರವಾಣಿಯು ‘ಫೋನ್’ ಕಂಡಿಗೆ. ಇದನ್ನು ತಿರುವುಮುರುವು ಮಾಡಿದರೆ ಎಕ್ಸ್‌ಚೇಂಜಿನ ಬ್ಯಾಟರಿಯೂ ಅಡಾಪ್ಟರಿನ ವಿದ್ಯುತ್ತೂ ಎದುರೆದುರು ನಿಂತು, ಗಂಟೆ ಬಾರಿಸುವ ಪರ್ಯಾಯ ವಿದ್ಯುತ್ತು ಬಂದ ಮೊದಲ ಸಲವೇ ಅಡಾಪ್ಟರು ಸುಟ್ಟುಹೋಗುವ ಸಂಭವ ಉಂಟು.

ಇದಕ್ಕಿಂತ ಗೂಢವಾದ ಅಪಾಯವಿರುವುದು ಪ್ಯಾರಲಲ್ ಕನೆಕ್ಷನ್ ಇರುವ ಮನೆಗಳಲ್ಲಿ. ಪಡಸಾಲೆಯಲ್ಲೊಂದು, ಮಹಡಿಯ ಮೇಲೊಂದು, ಅಡುಗೆಮನೆಯ ಬಾಗಿಲಲ್ಲೊಂದು ಎಂದು ಗೋಡೆಗಳೊಳಗೆ ಹಿಂದೆಯೇ ಎಳೆದಿಟ್ಟ ತಂತಿಗಳನ್ನು ಕಂಡು, ಅಡಾಪ್ಟರಿನ ‘ಫೋನ್’ ಕಂಡಿಯಿಂದ ಒಂದು ತಂತಿಯನ್ನು ಯಾವುದಾದರೊಂದು ರೋಸೆಟ್ಟಿಗೆ ತಗುಲಿಸಿದರೆ ಮನೆಯ ದೂರವಾಣಿಗಳೆಲ್ಲವೂ ಅಂತರಜಾಲದಲ್ಲಿ ಮಾತನಾಡುತ್ತವೆಂಬ ಯುಕ್ತಿ ಸಹಜವಾಗಿಯೇ ಹೊಳೆಯುತ್ತದೆ. ಯುಕ್ತಿಯೇನೋ ಸರಿ, ಆದರೆ ಹೊರಗಿನಿಂದ ಬಂದ ಡ್ರಾಪ್ ವೈರನ್ನು ಮೊದಲನೆಯ ರೋಸೆಟ್ಟಿನಲ್ಲಿ ಬಿಚ್ಚಿ, ಮನೆಯೊಳಗಿನ ತಂತಿಗಳಿಂದ ಸಂಪೂರ್ಣವಾಗಿ ಬೇರ್ಪಡಿಸಿದ ಮೇಲೆ ಮಾತ್ರ ಅದು ಸರಿ. ಇಲ್ಲವಾದರೆ ಎಕ್ಸ್‌ಚೇಂಜಿನ ವಿದ್ಯುತ್ತೂ ಅಡಾಪ್ಟರಿನದೂ ಇಲ್ಲಿಯೂ ಎದುರೆದುರು ನಿಲ್ಲುತ್ತವೆ. ಬಿಚ್ಚಿದ ಎರಡು ತುದಿಗಳನ್ನು ಹಾಗೆಯೇ ಬಿಡದೆ, ಒಂದಕ್ಕೊಂದು ತಾಗದಂತೆ ಇನ್ಸುಲೇಶನ್ ಟೇಪು ಸುತ್ತಿ, ಮೇಲೆ ಒಂದು ಚೀಟಿ ಅಂಟಿಸಿಡುವುದು ಮುಂದೆ ಬರುವ ಲೈನ್‌ಮನ್ನಿಗೂ ಉಪಕಾರ. ಮತ್ತೊಂದು ಮಾತು: ಎಕ್ಸ್‌ಚೇಂಜಿನಷ್ಟು ಗಂಟೆಗಳನ್ನು ಬಾರಿಸುವ ಶಕ್ತಿ ಪುಟ್ಟ ಅಡಾಪ್ಟರಿಗೆ ಇರುವುದಿಲ್ಲ, ಲೋಹದ ಗಂಟೆಯ ಹಳೆಯ ದೂರವಾಣಿಗಳು ಮೂರು ನಾಲ್ಕಿದ್ದರೆ ಎಲ್ಲವೂ ಕ್ಷೀಣವಾಗಿ ಕೊರಗುತ್ತವೆಯೇ ಹೊರತು ಒಂದೂ ಮೊಳಗುವುದಿಲ್ಲ.

ಸಂಖ್ಯೆಗಳ ನಿಯಮವನ್ನೂ ಈಗ ನಾವೇ ಬರೆದಿಡಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಆರಂಭದಲ್ಲಿ ಸೊನ್ನೆ ಹಾಕಬೇಕೆಂಬ ನಿಯಮ ಜಾರಿಯಲ್ಲಿದೆ. ಅಡಾಪ್ಟರಿನ ಡಯಲ್ ಪ್ಲಾನಿನಲ್ಲಿ ಇದನ್ನು ಹೇಳದಿದ್ದರೆ, ಅಂಕಿಗಳು ಇನ್ನೂ ಬರುತ್ತಿರುವಾಗಲೇ ಅದು ಅವಸರದಿಂದ ಕರೆಯನ್ನು ಕಳುಹಿಸಿಬಿಡಬಹುದು, ಇಲ್ಲವೇ ಅಂಕಿಗಳೆಲ್ಲ ಮುಗಿದ ಮೇಲೂ ಮತ್ತಷ್ಟಕ್ಕೆ ಕಾದು ಕುಳಿತುಕೊಳ್ಳಬಹುದು. ಯಾವ ಕರೆ ತಾಮ್ರದಲ್ಲಿ ಹೋಗಬೇಕು, ಯಾವುದು ಅಂತರಜಾಲದಲ್ಲಿ ಎಂಬ ವಿಂಗಡಣೆಯೂ ಅಲ್ಲಿಯೇ ಆಗುವುದು. 112 ಮತ್ತು ಊರಿನ ಆಸ್ಪತ್ರೆಯ ಸಂಖ್ಯೆಗಳು ತಾಮ್ರದ ಲೈನಿನಲ್ಲಿಯೇ ಹೋಗುವಂತೆ ಬರೆದಿಡತಕ್ಕದ್ದು. ಹೆಚ್ಚಿನ ಆಸಕ್ತಿಯುಳ್ಳವರು ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆರಂಭಿಸಿದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶವನ್ನು ಅಂಗೈಯಗಲದ ಗಣಕವೊಂದರಲ್ಲಿ ನಡೆಸಿ ಕೋಣೆಗೊಂದು ಎಕ್ಸ್‌ಟೆನ್ಶನ್ ಕೊಡುವುದುಂಟು. ಸಾಧಾರಣ ಗೃಹಕೃತ್ಯಕ್ಕೆ ಅದು ಅಗತ್ಯವಿಲ್ಲ.

ನಮ್ಮ ದೇಶದಲ್ಲಿ ಬಹುಮಂದಿಯ ಮನೆಗೆ ಅಂತರಜಾಲ ದೂರವಾಣಿ ಬರುವುದು ಹೀಗೆ ಬುದ್ಧಿಪೂರ್ವಕವಾಗಿ ಕೊಂಡುತಂದ ಅಡಾಪ್ಟರಿನ ರೂಪದಲ್ಲಿ ಅಲ್ಲ. ತಾಮ್ರದ ಲೈನನ್ನು ಫೈಬರಿಗೆ ಬದಲಿಸಿಕೊಡುತ್ತೇವೆಂದು ಹೇಳಿ, ಗೋಡೆಗೆ ಒಂದು ಬಿಳಿಯ ಮೋಡೆಮನ್ನು ಹೊಡೆದು, ಹಳೆಯ ದೂರವಾಣಿಯ ತಂತಿಯನ್ನು ಅದರ ಬೆನ್ನಿನ ಕಂಡಿಗೆ ಸಿಕ್ಕಿಸಿ ಹೋಗುತ್ತಾರೆ. ಒಂದೇ ಸಂಸ್ಥೆಯಲ್ಲಿ ಉಳಿದರೆ ಸಾಮಾನ್ಯವಾಗಿ ಸಂಖ್ಯೆಯೂ ಅದೇ ಉಳಿಯುತ್ತದೆ, ಉಪಕರಣವೂ ಅದೇ, ಡಯಲ್ ಟೋನೂ ಹೆಚ್ಚುಕಡಮೆ ಅದೇ. ಆದುದರಿಂದ ಏನೂ ಬದಲಾಗಲಿಲ್ಲವೆಂದು ಮನೆಯವರು ನಂಬುತ್ತಾರೆ. ವಸ್ತುತಃ ಆ ಗಳಿಗೆಯಿಂದ ಅವರ ಲ್ಯಾಂಡ್‌ಲೈನು ಅಂತರಜಾಲ ದೂರವಾಣಿಯಾಗಿದೆ, ಡಯಲ್ ಟೋನು ಹುಟ್ಟುತ್ತಿರುವುದು ತಮ್ಮ ಗೋಡೆಯ ಮೇಲೆಯೇ. ಬೆರಳಿನಿಂದ ತಿರುಗಿಸುವ ಡಯಲಿನ ಹಳೆಯ ಉಪಕರಣವಿದ್ದವರು ಕೂಡಲೇ ಪರೀಕ್ಷಿಸಿಕೊಳ್ಳುವುದು ಲೇಸು. ಆ ಡಯಲು ಕಳುಹಿಸುವ ಸ್ಪಂದನಗಳನ್ನು ಎಣಿಸುವ ವಿದ್ಯೆ ಅನೇಕ ಮೋಡೆಮ್‌ಗಳಿಗೆ ತಿಳಿಯದು, ಅವು ಗುಂಡಿಯೊತ್ತಿದಾಗ ಬರುವ ನಾದಗಳನ್ನು ಮಾತ್ರ ಅರಿಯುತ್ತವೆ.

ಇಲ್ಲಿ ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವುದು ವಿದ್ಯುತ್ತಿನ ವಿಚಾರ. ಫೈಬರಿನ ಗಾಜಿನ ಎಳೆಯಲ್ಲಿ ಬರುವುದು ಬೆಳಕು ಮಾತ್ರ. ದೂರವಾಣಿಗೆ ಜೀವ ಕೊಡುವ ವಿದ್ಯುತ್ತು ಅದರಲ್ಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಕೋಣೆ ನಿರ್ವಹಿಸುತ್ತಿದ್ದ ಕೆಲಸವನ್ನು ಈಗ ನಮ್ಮ ಮನೆಯ ಪ್ಲಗ್ಗು ನಿರ್ವಹಿಸಬೇಕು, ಮತ್ತು ಆ ಪ್ಲಗ್ಗಿನಲ್ಲಿ ಕರೆಂಟು ಹೋದಾಗ ದೂರವಾಣಿಯೂ ಹೋಗುತ್ತದೆ. ಮಲೆನಾಡಿನ ಆಷಾಢದಲ್ಲಿ ಮರ ಮುರಿದು ಲೈನಿನ ಮೇಲೆ ಬಿದ್ದು, ಒಂದೆರಡು ದಿನ ದೀಪವಿಲ್ಲದೆ, ಮೊಬೈಲಿನ ಗೋಪುರವೂ ತನ್ನ ಬ್ಯಾಟರಿ ತೀರಿ ಮೂಕವಾದಾಗ ವೃದ್ಧ ದಂಪತಿಗಳಿಬ್ಬರೇ ಇರುವ ಮನೆಗೆ ಇದರ ಅರ್ಥವೇನೆಂಬುದನ್ನು ವಿಸ್ತರಿಸಬೇಕಾಗಿಲ್ಲ. ತಾಮ್ರವೂ ಮರ ಬಿದ್ದರೆ ಹರಿಯುತ್ತದೆ, ಸಿಡಿಲು ಬಡಿದರೆ ಉಪಕರಣವನ್ನೇ ಸುಡುತ್ತದೆ, ಗಾಜಿನ ಎಳೆಗೆ ಸಿಡಿಲಿನ ಆ ಭಯವಿಲ್ಲ ಎಂಬ ವಾದ ನ್ಯಾಯವಾದದ್ದೇ. ಆದರೆ ತಂತಿ ಹರಿದರೆ ಮಾತ್ರ ಮೂಕವಾಗುವ ದೂರವಾಣಿಗೂ, ತಂತಿ ಹರಿದರೂ ಕರೆಂಟು ಹೋದರೂ ಮೂಕವಾಗುವ ದೂರವಾಣಿಗೂ ಅಂತರ ಅಲ್ಪವಲ್ಲ.

ಬ್ರಿಟನ್ ದೇಶದವರು ಈ ಅಂತರವನ್ನು ಕಷ್ಟಪಟ್ಟು ಕಲಿತರು. ತಾಮ್ರದ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿದ್ದ ಅವರು ಆ ಗಡುವನ್ನು 2027ರ ಜನವರಿಗೆ ಮುಂದೂಡಿದ್ದಾರೆ. ವೃದ್ಧರೂ ರೋಗಿಗಳೂ ಕೊರಳಿಗೆ ಧರಿಸಿದ ಗುಂಡಿಯನ್ನೊತ್ತಿ ಸಹಾಯ ಬೇಡುವ ತುರ್ತುಕರೆಯ ಉಪಕರಣಗಳು ಆ ತಾಮ್ರದ ಲೈನನ್ನೇ ಆಶ್ರಯಿಸಿದ್ದದ್ದು, ಮತ್ತು ಅಂಥವರನ್ನು ಹೊಸ ವ್ಯವಸ್ಥೆಗೆ ಸುರಕ್ಷಿತವಾಗಿ ದಾಟಿಸುವುದು ಎಣಿಸಿದಷ್ಟು ಸುಲಭವಾಗಿರಲಿಲ್ಲವೆಂಬುದು ಈ ವಿಳಂಬಕ್ಕೆ ಮುಖ್ಯ ಕಾರಣ. ಜಾಲವನ್ನು ಬದಲಿಸುವವರು ದುರ್ಬಲರನ್ನು ಮೊದಲು ಗಣಿಸಬೇಕೆಂಬ ವಿವೇಕ ಅಲ್ಲಿ ತಡವಾಗಿಯಾದರೂ ಬಂದಿತು. ನಮ್ಮಲ್ಲಿ ಅದನ್ನು ಕೇಳುವ ಜನರೇ ಇನ್ನೂ ಸಾಲದು.

ಪರಿಹಾರ ಮಾತ್ರ ದುರ್ಲಭವಲ್ಲ. ಮೋಡೆಮು ಬೇಡುವುದು ಸಾಮಾನ್ಯವಾಗಿ 12 ವೋಲ್ಟಿನ ಅಲ್ಪ ವಿದ್ಯುತ್ತು. ಅದಕ್ಕೆಂದೇ ದೊರೆಯುವ ಪುಟ್ಟ ಯುಪಿಎಸ್ಸನ್ನು ನಡುವೆ ಸೇರಿಸಿದರೆ ಕೆಲವು ಗಂಟೆಗಳ ಕಾಲ ದೂರವಾಣಿ ಬದುಕಿರುತ್ತದೆ. ಇನ್ವರ್ಟರು ಇರುವ ಮನೆಯಲ್ಲಿ ಅದರ ಲೈನಿಗೇ ಮೋಡೆಮನ್ನು ತರಬಹುದು. ಎರಡು ಕಂಡಿಗಳ ಅಡಾಪ್ಟರುಗಳಲ್ಲಿ ಕೆಲವಕ್ಕೆ ಇನ್ನೊಂದು ಸದ್ಗುಣವುಂಟು: ಕರೆಂಟು ಹೋದೊಡನೆ ಒಳಗಿನ ರಿಲೇಯೊಂದು ಕಳಚಿಕೊಂಡು ದೂರವಾಣಿಯನ್ನು ನೇರವಾಗಿ ತಾಮ್ರದ ಲೈನಿಗೆ ಕೂಡಿಸಿಬಿಡುತ್ತದೆ. ಕೊಳ್ಳುವಾಗ ಇದನ್ನು ಕೇಳಿ ಕೊಳ್ಳಬೇಕು. ತಂದ ಮೇಲೆ ಪ್ಲಗ್ಗನ್ನು ಕಿತ್ತು, ರಿಸೀವರನ್ನೆತ್ತಿ, ಡಯಲ್ ಟೋನನ್ನು ಸ್ವಂತ ಕಿವಿಯಿಂದ ಕೇಳಬೇಕು. ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಿ ಸುಮ್ಮನಿರುವುದು ಈ ವಿಷಯದಲ್ಲಿ ಸಲ್ಲದು.

ಎರಡು ತೊಂದರೆಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಕರೆ ಕೂಡಿಕೊಂಡರೂ ಒಬ್ಬರ ಮಾತು ಮಾತ್ರ ಕೇಳಿ ಇನ್ನೊಬ್ಬರದು ಕೇಳದಿದ್ದರೆ, ಅಡಾಪ್ಟರು ಮನೆಯೊಳಗೆ ಮಾತ್ರ ಸಲ್ಲುವ ತನ್ನ ವಿಳಾಸವನ್ನು ಹೊರಗಿನವರಿಗೆ ಕೊಟ್ಟು, ಅವರ ಪೊಟ್ಟಣಗಳು ದಾರಿ ಕಾಣದೆ ನಾಶವಾಗುತ್ತಿವೆಯೆಂದು ತಿಳಿಯಬೇಕು. ಇದನ್ನು ಸರಿಪಡಿಸುವುದಕ್ಕೆಂದೇ ರೂಟರಿನಲ್ಲಿರುವ ಸಿಪ್ ಎಎಲ್‌ಜಿ ಎಂಬ ಏರ್ಪಾಡು ಅನೇಕ ವೇಳೆ ಇದನ್ನು ಇನ್ನಷ್ಟು ಕೆಡಿಸುವುದರಿಂದ, ಮೊದಲು ಅದನ್ನು ನಿಲ್ಲಿಸಿ ನೋಡತಕ್ಕದ್ದು. ಎರಡನೆಯದು, ಅಡಾಪ್ಟರಿನ ಜೊತೆ ಬಂದ ಪಾಸ್‌ವರ್ಡನ್ನು ಹಾಗೆಯೇ ಬಿಡುವುದು. 5060 ಎಂಬ ಪೋರ್ಟನ್ನು ಲೋಕಕ್ಕೆ ತೆರೆದಿಟ್ಟ ಉಪಕರಣಗಳನ್ನು ಹುಡುಕುತ್ತ ಜಾಲದಲ್ಲಿ ಅಲೆಯುವ ವಂಚಕರು ಇದ್ದಾರೆ. ಅವರ ಕೈಗೆ ಸಿಕ್ಕ ಖಾತೆಯಿಂದ ಒಂದೇ ರಾತ್ರಿಯಲ್ಲಿ ದುಬಾರಿ ವಿದೇಶೀ ಸಂಖ್ಯೆಗಳಿಗೆ ನೂರಾರು ಕರೆಗಳು ಹೋಗಬಲ್ಲವು. ಐಎಸ್‌ಡಿ ಅಗತ್ಯವಿಲ್ಲದವರು ಅದನ್ನು ಮುಚ್ಚಿಸಿಡಲಿ.

ಕಾನೂನಿನ ಗಡಿಯನ್ನೂ ತಿಳಿದಿರಬೇಕು. ನಮ್ಮ ದೇಶದಲ್ಲಿ ಅಂತರಜಾಲದ ಮೂಲಕ ಧ್ವನಿ ಸಂಪರ್ಕಕ್ಕೆ 2002ರ ಏಪ್ರಿಲ್ 1ರಂದು ಬಾಗಿಲು ತೆರೆದದ್ದು ಅರ್ಧ ಮಾತ್ರ. ಗಣಕದಿಂದ ವಿದೇಶದ ದೂರವಾಣಿಗೆ ಕರೆ ಮಾಡಬಹುದಾಗಿತ್ತು, ದೇಶದೊಳಗಿನ ದೂರವಾಣಿಗೆ ಮಾಡುವಂತಿರಲಿಲ್ಲ. 2018ರಲ್ಲಿ ಆ ನಿರ್ಬಂಧವು ಸಡಿಲವಾಗಿ, ಪರವಾನಗಿಯುಳ್ಳ ಸಂಸ್ಥೆಗಳು ದೇಶದೊಳಗಿನ ಸಂಖ್ಯೆಗಳಿಗೂ ಸೇವೆ ಕೊಡುವುದು ಸಾಧ್ಯವಾಯಿತು. ಇಂದಿಗೂ ನಿಷಿದ್ಧವಾಗಿರುವುದು, ವಿದೇಶದಿಂದ ಅಂತರಜಾಲದಲ್ಲಿ ಬಂದ ಕರೆಯನ್ನು ಮನೆಯ ಉಪಕರಣದ ಮೂಲಕ ಊರಿನ ಸಾರ್ವಜನಿಕ ದೂರವಾಣಿ ಜಾಲಕ್ಕೆ ದಾಟಿಸಿ ಸ್ಥಳೀಯ ಕರೆಯಂತೆ ತೋರಿಸುವುದು. ಬೆಂಗಳೂರಿನಲ್ಲಿ ಪೊಲೀಸರು ಅಕ್ರಮ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಪತ್ತೆಹಚ್ಚಿದ ಸುದ್ದಿಗಳ ಹಿಂದೆ ಇರುವುದು ಇದೇ ತಂತ್ರ. ‘ಲೈನ್’ ಕಂಡಿಯುಳ್ಳ ಅಡಾಪ್ಟರು ಈ ಕೆಲಸಕ್ಕೂ ಶಕ್ತವಾದುದರಿಂದ, ಅಮೆರಿಕದ ಮಗನು ಅಲ್ಲಿಂದಲೇ ಮನೆಯ ಲ್ಯಾಂಡ್‌ಲೈನನ್ನು ಹಿಡಿದು ಬಂಧುಗಳಿಗೆ ಕರೆ ಮಾಡುವಂತೆ ಅದನ್ನು ಹೊಂದಿಸಿಕೊಡುವ ಉತ್ಸಾಹವನ್ನು ದಯವಿಟ್ಟು ಯಾರೂ ತೋರಬಾರದು. ಅಂತರಜಾಲದ ಕರೆಗೆ ಅಂತರಜಾಲದ ಸಂಖ್ಯೆ, ತಾಮ್ರದ ಕರೆಗೆ ತಾಮ್ರದ ಸಂಖ್ಯೆ. ಎರಡೂ ಒಂದೇ ಉಪಕರಣದಲ್ಲಿ ಮೊಳಗಲಿ, ಒಂದರಿಂದ ಇನ್ನೊಂದಕ್ಕೆ ಹಾಯದಿರಲಿ.

ಉಳಿದದ್ದು ವಿಳಾಸದ ವಿಚಾರ. ತಾಮ್ರದ ಜೋಡಿಯು ಯಾವ ಮನೆಗೆ ಹೋಗುತ್ತದೆಂಬುದು ಎಕ್ಸ್‌ಚೇಂಜಿನ ದಾಖಲೆಯಲ್ಲಿದೆ. ಮಾತನಾಡಲಾಗದ ರೋಗಿಯೊಬ್ಬನು ಕರೆ ಮಾಡಿದರೂ ಆ ಸಂಖ್ಯೆಯಿಂದ ಮನೆಯನ್ನು ಹುಡುಕಬಹುದು. ಅಂತರಜಾಲದ ಸಂಖ್ಯೆಯನ್ನು ಮೈಸೂರಿನಲ್ಲಿ ಪಡೆದು ಮಂಗಳೂರಿನಲ್ಲಿ ಬಳಸಿದರೆ, ತುರ್ತುಕರೆ ಸ್ವೀಕರಿಸುವವನಿಗೆ ಮೈಸೂರೇ ಕಾಣುವುದು ಸಾಧ್ಯ. ಅಮೆರಿಕದಲ್ಲಿ ಇಂಥ ಕರೆಗಳು ಸರಿಯಾದ ಸ್ಥಳಕ್ಕೆ ಮುಟ್ಟದೆ ಅನರ್ಥಗಳಾದುದರಿಂದಲೇ ಅಲ್ಲಿನ ಸಂಪರ್ಕ ಆಯೋಗವು 2005ರಲ್ಲಿ ಅಂತರಜಾಲ ದೂರವಾಣಿ ಸಂಸ್ಥೆಗಳಿಗೆ ತುರ್ತುಕರೆಯ ಹೊಣೆಯನ್ನು ಕಡ್ಡಾಯ ಮಾಡಿತು. ನಮ್ಮ ಮನೆಗಳಲ್ಲಿ ಸದ್ಯಕ್ಕೆ ಸಾಧ್ಯವಿರುವುದು, ಅಂತರಜಾಲದ ಉಪಕರಣದ ಪಕ್ಕದ ಗೋಡೆಯಲ್ಲಿ ಮನೆಯ ಪೂರ್ಣ ವಿಳಾಸವನ್ನೂ ಗುರುತಿನ ಜಾಗವನ್ನೂ ದಪ್ಪಕ್ಷರಗಳಲ್ಲಿ ಬರೆದು ಅಂಟಿಸುವುದು. ಗಾಬರಿಯಲ್ಲಿರುವವನಿಗೂ, ಕೆಲಸಕ್ಕೆ ಬಂದ ಹೊಸಬರಿಗೂ, ಓದಿ ಹೇಳುವುದಕ್ಕೆ ಅದು ಬೇಕಾಗುತ್ತದೆ.

ಫೈಬರ್ ಬಂದ ದಿನವೇ ತಾಮ್ರದ ಸಂಪರ್ಕವನ್ನು ಒಪ್ಪಿಸಿಬಿಡುವ ಅರ್ಜಿಗೆ ಸಹಿ ಹಾಕುವಂತೆ ಹೇಳಿದರೆ, ಸಾಧ್ಯವಿದ್ದವರು ಒಂದು ಮಳೆಗಾಲ ಕಳೆಯುವವರೆಗೆ ಕಾಲಾವಕಾಶ ಕೇಳಲಿ ಎಂಬುದು ನನ್ನ ಸಲಹೆ. ಆ ಅವಧಿಯಲ್ಲಿ ಹೊಸ ದೂರವಾಣಿಯು ಎಷ್ಟು ಸಲ ಸುಮ್ಮನಾಯಿತು, ಯುಪಿಎಸ್ಸು ಎಷ್ಟು ಹೊತ್ತು ತಡೆಯಿತು, ಅಡವಿಯಂಚಿನ ಕಂಬಗಳಲ್ಲಿ ಗಾಜಿನ ಎಳೆ ಎಷ್ಟು ದಿನ ಹರಿದುಬಿದ್ದಿತ್ತು ಎಂಬುದು ಮನೆಯವರಿಗೇ ತಿಳಿದುಬರುತ್ತದೆ. ಬಿಟ್ಟುಕೊಟ್ಟ ಜೋಡಿಯನ್ನು ಡಿಪಿ ಪೆಟ್ಟಿಗೆಯಲ್ಲಿ ಒಮ್ಮೆ ಬಿಚ್ಚಿದ ಮೇಲೆ, ಹೊಸದಾಗಿ ತಾಮ್ರವನ್ನು ಎಳೆದುಕೊಡಿರೆಂದು ಕೇಳಿದರೆ ಎಳೆದುಕೊಡುವವರು ಇನ್ನು ಸಿಗುವುದು ಕಷ್ಟ.